ನೆಲದಡಿಯ ಕೆಲಸ, ನೆಲದ ಮೇಲಿನ ಹೊಣೆ

ನಮ್ಮ ಹಳ್ಳಿಗಳಲ್ಲಿ ಬಹಳ ಕಾಲ ಬಳಸದೆ ಬಿಟ್ಟ ಬಾವಿಯ ಹೂಳೆತ್ತುವಾಗ ಹಿರಿಯರು ಏನು ಮಾಡುತ್ತಿದ್ದರೆಂಬುದು ನಿಮಗೆ ನೆನಪಿರಬಹುದು. ಮೊದಲಿಗೇ ಯಾರನ್ನೂ ಕೆಳಗೆ ಇಳಿಸುತ್ತಿರಲಿಲ್ಲ. ಉರಿಯುವ ಲಾಟೀನೊಂದನ್ನು ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಬಾವಿಯೊಳಗೆ ಬಿಡುತ್ತಿದ್ದರು. ದೀಪ ಉರಿಯುತ್ತಲೇ ಇದ್ದರೆ ಮನುಷ್ಯ ಇಳಿಯಬಹುದು. ದೀಪ ಆರಿತೋ, ಅಲ್ಲಿ ಕೆಟ್ಟ ಗಾಳಿ ನಿಂತಿದೆ ಎಂದು ಅರ್ಥ. ಆ ದಿನ ಕೆಲಸವಿಲ್ಲ. ಬಾವಿ ಯಾರದೋ ಆ ಯಜಮಾನನೇ ಮೇಲೆ ನಿಂತು ಇದನ್ನೆಲ್ಲ ನೋಡಿಕೊಳ್ಳಬೇಕಾಗಿತ್ತು. ಕೂಲಿಗೆ ಬಂದವನ ಜೀವಕ್ಕೆ ಕರೆಸಿದವನು ಹೊಣೆ ಎಂಬುದು ಊರಿನ ನಡಾವಳಿ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಈಗ ಆ ಬಾವಿ ನೂರಾರು ಅಡಿ ಆಳಕ್ಕೆ ಇಳಿದು, ಅಲ್ಲಿಂದ ಅಡ್ಡಡ್ಡಲಾಗಿ ಮೈಲಿಗಟ್ಟಲೆ ಹರಡಿದೆ ಎಂದು ಊಹಿಸಿಕೊಳ್ಳಿ. ಕೆಳಗೆ ಇಳಿಯುವವರು ಇಬ್ಬರಲ್ಲ, ಇನ್ನೂರು ಮುನ್ನೂರು ಜನ. ಇಳಿಸುವ ಯಜಮಾನ ಬಾವಿಕಟ್ಟೆಯ ಮೇಲಿಲ್ಲ, ದೂರದ ಪಟ್ಟಣದ ಕಚೇರಿಯಲ್ಲಿದ್ದಾನೆ. ಅದೇ ಕಲ್ಲಿದ್ದಲ ಗಣಿ. ಅಲ್ಲಿ ಲಾಟೀನು ಇಳಿಸಿ ನೋಡುವವರು ಯಾರು? ನೋಡದೆ ಹೋದರೆ ಕೇಳುವವರು ಯಾರು? ಊರಿನ ನಡಾವಳಿಯಲ್ಲಿ ಸಹಜವಾಗಿದ್ದ ಈ ಹೊಣೆ ಕಾನೂನಿನ ಪುಸ್ತಕಕ್ಕೆ ಏರಿದ್ದು ಹೇಗೆ? ಇಂದಿನ ಮಾತು ಅದರ ಇತಿಹಾಸವನ್ನು ಕುರಿತದ್ದು.

ಕಲ್ಲಿದ್ದಲು ನಮ್ಮ ಗಡಿನಾಡಿನ ಬೆಳೆಯಲ್ಲ ನಿಜ. ಆದರೆ ಅದು ನಮಗೆ ದೂರದ ಸಂಗತಿಯೂ ಅಲ್ಲ. ತೆಲಂಗಾಣದ ನಮ್ಮ ಕೇಳುಗರು ಸಿಂಗರೇಣಿಯ ಹೆಸರನ್ನು ಚೆನ್ನಾಗಿ ಬಲ್ಲರು. ಗೋದಾವರಿ ಕಣಿವೆಯಲ್ಲಿ 1889ರಲ್ಲಿ ಅಗೆತ ಆರಂಭವಾದ ಆ ಗಣಿಗಳ ಕಲ್ಲಿದ್ದಲು ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೂ ಬರುತ್ತದೆ. ಇನ್ನೊಂದು ನಂಟು ಇದಕ್ಕಿಂತ ಹಳೆಯದು. ಅದನ್ನು ಸ್ವಲ್ಪ ಮುಂದೆ ಹೇಳುತ್ತೇನೆ.

ಬಂಗಾಳದ ರಾಣಿಗಂಜ್ ಪ್ರದೇಶದಲ್ಲಿ 1774ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರಾದ ಸಮ್ನರ್ ಮತ್ತು ಹೀಟ್ಲಿ ಎಂಬುವರು ಕಲ್ಲಿದ್ದಲು ತೆಗೆಯಲು ಪ್ರಾರಂಭಿಸಿದರು. ಆಗ ಅದನ್ನು ಕೊಳ್ಳುವವರು ಕಡಿಮೆ. 1855ರಲ್ಲಿ ಹೌರಾದಿಂದ ರಾಣಿಗಂಜ್‌ವರೆಗೆ ರೈಲು ಹಳಿ ಬಂದ ಮೇಲೆ ಕಥೆ ಬದಲಾಯಿತು. ರೈಲಿನ ಎಂಜಿನ್ನಿಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲನ್ನು ಸಾಗಿಸಲು ರೈಲು ಬೇಕು. ಎರಡೂ ಒಂದನ್ನೊಂದು ಬೆಳೆಸಿದವು. ಗಣಿಗಳು ಆಳಕ್ಕೆ ಇಳಿದವು. ಗುತ್ತಿಗೆದಾರರು ಸುತ್ತಲಿನ ಸಂತಾಲ ಹಾಗೂ ಬೌರಿ ಜನರನ್ನು ಕರೆತಂದರು. ಗಂಡ ಗುದ್ದಲಿ ಹಿಡಿದು ಕಡಿದರೆ, ಹೆಂಡತಿ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದಳು. ಮಕ್ಕಳೂ ಜೊತೆಗೆ ಇಳಿಯುತ್ತಿದ್ದರು. ಸತ್ತರೆ ಲೆಕ್ಕ ಇಡಬೇಕೆಂಬ ಕಾನೂನೂ ಆಗ ನಮ್ಮ ದೇಶದಲ್ಲಿ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಕಾನೂನು ಮೊದಲು ಬಂತು. ಆದರೆ ಅಲ್ಲಿಯೂ ಪ್ರತಿಯೊಂದು ಕಲಮಿನ ಹಿಂದೆ ಒಂದೊಂದು ಸಾಲು ಶವಗಳಿದ್ದವು. ಒಂದು ಉದಾಹರಣೆ ಕೇಳಿ. ನಾರ್ತಂಬರ್ಲೆಂಡ್ ಪ್ರಾಂತದ ಹಾರ್ಟ್ಲಿ ಗಣಿಗೆ ಇಳಿಯಲು, ಏರಲು ಇದ್ದದ್ದು ಒಂದೇ ಬಾಯಿ. 1862ರ ಜನವರಿ 16ರಂದು ನೀರೆತ್ತುವ ಎಂಜಿನ್ನಿನ ಎರಕದ ಕಬ್ಬಿಣದ ತೊಲೆ ಮುರಿದು ಆ ಬಾಯಿಯೊಳಗೇ ಬಿತ್ತು. ಗೋಡೆ ಕುಸಿದು ದಾರಿ ಮುಚ್ಚಿತು. ಕೆಳಗಿದ್ದವರಿಗೆ ಬೇರೆ ದಾರಿ ಇರಲಿಲ್ಲ. ಗಂಡಸರೂ ಹುಡುಗರೂ ಸೇರಿ 204 ಜನ ಸತ್ತರು. ಅದೇ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟು ಕಲ್ಲಿದ್ದಲ ಗಣಿಗೆ ಎರಡು ಬೇರೆ ಬೇರೆ ದಾರಿ ಇರಲೇಬೇಕು ಎಂದು ಕಾನೂನು ಮಾಡಿತು. ಎರಡನೆಯ ಬಾಯಿ ತೋಡಲು ಖರ್ಚು ಬರುತ್ತದೆ. ಆ ಖರ್ಚು ಗಣಿಯ ಒಡೆಯನ ಹೊಣೆ ಎಂಬುದು ಅಂದು ತೀರ್ಮಾನವಾಯಿತು. ಇಂದು ನಮ್ಮ ದೇಶದಲ್ಲಿಯೂ ನೆಲದಡಿಯ ಗಣಿಗೆ ಎರಡು ಹೊರದಾರಿಗಳು ಕಡ್ಡಾಯ.

ಇನ್ನು ಆಗಲೇ ಹೇಳಿದ ಹಳೆಯ ನಂಟಿನ ಮಾತು. ಭಾರತದಲ್ಲಿ ಗಣಿ ಸುರಕ್ಷತೆಯ ಕಾನೂನು ಬೇಗ ಬರಲು ಕಾರಣವಾದ ಎರಡು ದುರಂತಗಳಲ್ಲಿ ಒಂದು ನಡೆದದ್ದು ಕನ್ನಡ ನಾಡಿನಲ್ಲಿ. 1897ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ 52 ಜನ ಸತ್ತರು. ಅದರ ಹಿಂದೆಯೇ ಇಂದು ಪಾಕಿಸ್ತಾನದಲ್ಲಿರುವ ಬಲೂಚಿಸ್ತಾನದ ಖೋಸ್ತ್ ಕಲ್ಲಿದ್ದಲ ಗಣಿಯಲ್ಲಿ 47 ಜನ ಸತ್ತರು. ಒಂದು ಚಿನ್ನದ ಗಣಿ, ಒಂದು ಕಲ್ಲಿದ್ದಲ ಗಣಿ. ಒಂದು ದೇಶದ ಈ ತುದಿ, ಇನ್ನೊಂದು ಆ ತುದಿ. ಈ ಎರಡು ಸಾವುಗಳ ಒತ್ತಡದಿಂದ 1901ರಲ್ಲಿ ಮೊದಲ ಭಾರತೀಯ ಗಣಿ ಕಾಯಿದೆ ಹೊರಬಂತು. 1902ರಲ್ಲಿ ಕಲ್ಕತ್ತೆಯಲ್ಲಿ ಗಣಿ ತಪಾಸಣೆಯ ಕಚೇರಿ ತೆರೆಯಿತು. 1908ರಲ್ಲಿ ಅದು ಕಲ್ಲಿದ್ದಲ ಸೀಮೆಯ ನಡುವೆ ಇರುವ ಧನಬಾದಿಗೆ ಹೋಯಿತು. ಇಂದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಅದರದೇ ಮುಂದುವರಿಕೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಗಣಿ ಕಾನೂನಿನ ಇತಿಹಾಸವೆಲ್ಲ ಹೆಚ್ಚುಕಡಿಮೆ ಆ ಗಾದೆಯ ವಿವರಣೆಯೇ ಆಗಿದೆ.

ಕೋಲಾರದ ಗಣಿಗೆ ಇಳಿದವರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ, ಗಡಿಯ ಆಚೆ ಈಚೆಯ ಹಳ್ಳಿಗಳಿಂದ ಹೋದ ಬಡಜನ. ಮನೆಯಲ್ಲೊಂದು ಮಾತು, ಕೆಲಸದಲ್ಲೊಂದು ಮಾತು, ಸಾಹೇಬರದು ಇನ್ನೊಂದು ಮಾತು. ಈ ಸಂಗತಿಯನ್ನು ನೆನಪಿನಲ್ಲಿಡಿ. ಕೊನೆಗೆ ಮತ್ತೆ ಇದಕ್ಕೇ ಬರೋಣ.

1923ರಲ್ಲಿ ಎರಡನೆಯ ಕಾಯಿದೆ ಬಂತು. ಹದಿಮೂರು ವರ್ಷದ ಒಳಗಿನ ಮಕ್ಕಳನ್ನು ಗಣಿಗೆ ಇಳಿಸಬಾರದೆಂದು ಅದು ವಿಧಿಸಿತು. ನೆಲದಡಿಯ ಕೆಲಸಕ್ಕೆ ವಾರಕ್ಕೆ 54 ಗಂಟೆಯ ಮಿತಿ ಹಾಕಿತು. 1929ರ ನಿಯಮಗಳ ಮೂಲಕ ಹೆಂಗಸರನ್ನು ನೆಲದಡಿಯ ಕೆಲಸದಿಂದ ಹಂತಹಂತವಾಗಿ ಹಿಂದಕ್ಕೆ ತೆಗೆಯಲಾಯಿತು. ಎರಡನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲಿನ ಅಭಾವ ಬಂದಾಗ, 1943ರಲ್ಲಿ ಈ ನಿಷೇಧವನ್ನೇ ಸಡಿಲಿಸಿದರು. 1946ರಲ್ಲಿ ಮತ್ತೆ ಬಿಗಿ ಮಾಡಿದರು. ಸುರಕ್ಷತೆಯ ನಿಯಮಗಳಿಗೂ ಕಲ್ಲಿದ್ದಲಿನ ಬೇಡಿಕೆಗೂ ನಡೆಯುವ ಹಗ್ಗಜಗ್ಗಾಟಕ್ಕೆ ಇದು ಒಳ್ಳೆಯ ನಿದರ್ಶನ.

ಸ್ವಾತಂತ್ರ್ಯ ಬಂದ ಮೇಲೆ 1952ರ ಗಣಿ ಕಾಯಿದೆ ಬಂತು. ಇದರ ಮುಖ್ಯ ಮಾತು ಹೊಣೆ ಯಾರದು ಎಂಬುದೇ. ಗಣಿಯ ಮಾಲೀಕ, ಅವನ ಪರವಾಗಿ ನಡೆಸುವ ಏಜೆಂಟ್ ಮತ್ತು ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ಪಡೆದ ಮ್ಯಾನೇಜರ್, ಈ ಮೂವರನ್ನೂ ಅದು ಒಟ್ಟಿಗೆ ಹೊಣೆಗಾರರನ್ನಾಗಿ ಮಾಡಿತು. ‘ನಾನು ಗುತ್ತಿಗೆ ಕೊಟ್ಟಿದ್ದೆ, ನನಗೆ ಗೊತ್ತಿಲ್ಲ’ ಎಂದು ಮಾಲೀಕ ಕೈತೊಳೆದುಕೊಳ್ಳಬಾರದು ಎಂಬುದು ಇದರ ಆಶಯ. ನೆಲದಡಿಯಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದು. ಜೀವಹಾನಿಯಾದರೆ ತಕ್ಷಣ ತಪಾಸಣಾಧಿಕಾರಿಗೆ ತಿಳಿಸಬೇಕು. ಅಪಾಯ ಕಂಡರೆ ಕೆಲಸವನ್ನೇ ನಿಲ್ಲಿಸುವ ಅಧಿಕಾರ ಆ ಅಧಿಕಾರಿಗೆ ಉಂಟು. 1957ರಲ್ಲಿ ಕಲ್ಲಿದ್ದಲ ಗಣಿಗಳಿಗೆಂದೇ ವಿವರವಾದ ವಿನಿಯಮಗಳು ಬಂದವು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ವಿನಿಯಮಗಳು ಬಂದಿವೆ. ಇವುಗಳಲ್ಲಿ ಏನಿದೆ ಎಂದು ಒಂದೊಂದಾಗಿ ನೋಡೋಣ. ಗಣಿಯಲ್ಲಿ ಸಾವು ನಾಲ್ಕು ದಿಕ್ಕಿನಿಂದ ಬರುತ್ತದೆ. ಗಾಳಿಯಿಂದ, ಬೆಂಕಿಯಿಂದ, ನೀರಿನಿಂದ ಮತ್ತು ತಲೆಯ ಮೇಲಿನ ಮಾಡಿನಿಂದ.

ಮೊದಲು ಗಾಳಿ. ಕಲ್ಲಿದ್ದಲಿನ ಪದರಗಳಲ್ಲಿ ಮೀಥೇನ್ ಎಂಬ ಅನಿಲ ಅಡಗಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಅದು ನೂರಕ್ಕೆ 5ರಿಂದ 15 ಪಾಲು ಬೆರೆತರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಇದಕ್ಕಾಗಿಯೇ 1815ರಲ್ಲಿ ಹಂಫ್ರಿ ಡೇವಿ ಜಾಲರಿ ಹೊದಿಸಿದ ದೀಪವನ್ನು ಮಾಡಿದ. ಜ್ವಾಲೆಯ ಬಿಸಿಯನ್ನು ಜಾಲರಿ ಹೀರಿಕೊಂಡು ಹೊರಗಿನ ಅನಿಲಕ್ಕೆ ಬೆಂಕಿ ತಗಲದಂತೆ ತಡೆಯುತ್ತದೆ. ದೀಪದ ಜ್ವಾಲೆಯ ಮೇಲೆ ನೀಲಿ ಛಾಯೆ ಕಂಡರೆ ಅನಿಲವಿದೆ ಎಂದು ತಿಳಿಯುತ್ತದೆ. ನಮ್ಮ ಬಾವಿಯ ಲಾಟೀನಿಗೂ ಈ ದೀಪಕ್ಕೂ ಅಣ್ಣತಮ್ಮಂದಿರ ಸಂಬಂಧ. ಆದರೆ ದೀಪ ಅಪಾಯವನ್ನು ತೋರಿಸುತ್ತದೆಯೇ ಹೊರತು ಓಡಿಸುವುದಿಲ್ಲ. ಓಡಿಸಬೇಕಾದದ್ದು ಗಾಳಿ. ಗಣಿಯ ಬಾಯಲ್ಲಿ ದೊಡ್ಡ ಫ್ಯಾನು ಇಟ್ಟು ಒಂದು ದಾರಿಯಿಂದ ಒಳ್ಳೆಯ ಗಾಳಿ ಹೋಗಿ ಇನ್ನೊಂದು ದಾರಿಯಿಂದ ಕೆಟ್ಟ ಗಾಳಿ ಬರುವಂತೆ ಮಾಡಬೇಕು. ಕೆಲಸದ ಪಾಳಿಯಲ್ಲಿರುವ ಒಬ್ಬೊಬ್ಬನಿಗೂ ನಿಮಿಷಕ್ಕೆ ಕಡೇಪಕ್ಷ 6 ಘನ ಮೀಟರ್ ಗಾಳಿ ಒದಗಬೇಕು. ಆಮ್ಲಜನಕ ನೂರಕ್ಕೆ 19ಕ್ಕಿಂತ ಕಡಿಮೆಯಾಗಬಾರದು. ಹೊರಹೋಗುವ ಗಾಳಿಯಲ್ಲಿ ಮೀಥೇನ್ ನೂರಕ್ಕೆ 0.75ನ್ನು ದಾಟಬಾರದು. ಎಲ್ಲಿಯಾದರೂ 1.25 ದಾಟಿತೆಂದರೆ ವಿದ್ಯುತ್ ಕಡಿದು, ಜನರನ್ನು ಅಲ್ಲಿಂದ ಹೊರಗೆ ಕಳುಹಿಸಬೇಕು. ಅಂದರೆ ಸ್ಫೋಟದ ಮಟ್ಟ ಮುಟ್ಟುವ ಎಷ್ಟೋ ಮುಂಚೆಯೇ ಕೆಲಸ ನಿಲ್ಲಬೇಕು. ಮ್ಯಾನೇಜರನಿಗೆ ಎಷ್ಟೇ ಟನ್ನಿನ ಗುರಿ ಇರಲಿ, ಈ ಅಂಕಿಗೆ ವಿನಾಯಿತಿಯಿಲ್ಲ.

ಎರಡನೆಯದು ಧೂಳಿನ ಬೆಂಕಿ. ಮೀಥೇನಿಗಿಂತ ಕ್ರೂರವಾದದ್ದು ಕಲ್ಲಿದ್ದಲಿನ ಹುಡಿ. ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ 1906ರ ಮಾರ್ಚ್ 10ರಂದು ಹುಡಿಯ ಸ್ಫೋಟದಿಂದ 1,099 ಜನ ಸತ್ತರು. ಒಂದು ಕಡೆ ಹೊತ್ತಿದ ಬೆಂಕಿ ಸುರಂಗದ ನೆಲದಲ್ಲಿ, ಗೋಡೆಯಲ್ಲಿ ಕುಳಿತ ಹುಡಿಯನ್ನು ಎಬ್ಬಿಸುತ್ತದೆ, ಎದ್ದ ಹುಡಿ ಮತ್ತೆ ಉರಿಯುತ್ತದೆ, ಹೀಗೆ ಕ್ಷಣಾರ್ಧದಲ್ಲಿ ಇಡೀ ಗಣಿಯನ್ನು ಸುತ್ತುತ್ತದೆ. ನಮ್ಮಲ್ಲಿ 1958ರ ಫೆಬ್ರವರಿ 19ರಂದು ಬಂಗಾಳದ ಚಿನಾಕುರಿ ಗಣಿಯ ಸ್ಫೋಟದಲ್ಲಿ 170ಕ್ಕೂ ಹೆಚ್ಚು ಜನ, 1965ರ ಮೇ 28ರಂದು ಅಂದಿನ ಬಿಹಾರದ ಧೋರಿ ಗಣಿಯಲ್ಲಿ 268 ಜನ ಹೀಗೆ ಪ್ರಾಣ ಕಳೆದುಕೊಂಡರು. ಇದಕ್ಕೆ ಪರಿಹಾರ ಬಹಳ ಸರಳ, ಬಹಳ ಅಗ್ಗ. ಸುಣ್ಣಕಲ್ಲಿನ ಪುಡಿಯನ್ನು ಸುರಂಗದ ಉದ್ದಕ್ಕೂ ಎರಚಬೇಕು. ನೆಲದ ಹುಡಿಯಲ್ಲಿ ನೂರಕ್ಕೆ 75ರಿಂದ 85 ಪಾಲು ಉರಿಯದ ಪದಾರ್ಥವೇ ಇರುವಂತೆ ನೋಡಿಕೊಂಡರೆ ಬೆಂಕಿ ಮುಂದಕ್ಕೆ ಓಡಲಾರದು. ಕಡಿಯುವ ಜಾಗದಲ್ಲಿ ನೀರು ಚಿಮುಕಿಸಬೇಕು. ಆದರೆ ಇದು ಒಂದು ದಿನ ಮಾಡಿ ಬಿಡುವ ಕೆಲಸವಲ್ಲ. ಮನೆಯ ಅಂಗಳ ಸಾರಿಸಿದಂತೆ, ದಿನವೂ ಮಾಡಬೇಕು. ದಿನವೂ ಮಾಡಬೇಕಾದ ಕೆಲಸವೇ ತಪ್ಪಿಹೋಗುವುದು ಸುಲಭ. ಆದ್ದರಿಂದಲೇ ಯಾವಾಗ, ಎಲ್ಲಿ ಪುಡಿ ಎರಚಿದರೆಂದು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕೆಂಬ ನಿಯಮವಿದೆ. ಇದೇ ಹುಡಿ ಶ್ವಾಸಕೋಶದಲ್ಲಿ ಕುಳಿತರೆ ನಿಧಾನವಾಗಿ ಕೊಲ್ಲುತ್ತದೆ. ಅದಕ್ಕಾಗಿ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆ ಎದೆಯ ತಪಾಸಣೆ ಮಾಡಿಸುವುದನ್ನು ಗಣಿ ನಿಯಮಗಳು ಮಾಲೀಕನ ಹೊಣೆಯಾಗಿ ಇಟ್ಟವು.

ಮೂರನೆಯದು ನೀರು. ನಮ್ಮ ದೇಶದ ಅತಿ ದೊಡ್ಡ ಗಣಿ ದುರಂತ ಬೆಂಕಿಯಿಂದ ಆದದ್ದಲ್ಲ, ನೀರಿನಿಂದ ಆದದ್ದು. 1975ರ ಡಿಸೆಂಬರ್ 27. ಧನಬಾದಿನ ಬಳಿಯ ಚಾಸ್ನಾಲಾ ಗಣಿ. ಮಧ್ಯಾಹ್ನದ ಹೊತ್ತು. ಹಳೆಯ, ಕೈಬಿಟ್ಟ ಸುರಂಗಗಳಲ್ಲಿ ವರ್ಷಗಟ್ಟಲೆ ನಿಂತಿದ್ದ ನೀರು ನಡುವಿನ ತಡೆಯನ್ನು ಒಡೆದುಕೊಂಡು ಜನ ಕೆಲಸ ಮಾಡುತ್ತಿದ್ದ ಕಡೆ ನುಗ್ಗಿತು. 375 ಜನ ಅಲ್ಲಿಯೇ ಉಳಿದರು. ವಿದೇಶಗಳಿಂದ ದೊಡ್ಡ ಪಂಪುಗಳನ್ನು ತರಿಸಿದರು. ವಾರಗಟ್ಟಲೆ ನೀರು ಎತ್ತಿದರು. ಮೇಲೆ ಹೆಂಡಂದಿರು, ತಾಯಂದಿರು ಕಾದು ಕುಳಿತಿದ್ದರು. ಮೇಲಕ್ಕೆ ಬಂದದ್ದು ಶವಗಳು ಮಾತ್ರ. 1979ರ ‘ಕಾಲಾ ಪತ್ಥರ್’ ಎಂಬ ಹಿಂದಿ ಚಲನಚಿತ್ರಕ್ಕೆ ಪ್ರೇರಣೆ ಈ ದುರಂತವೇ.

ಇದರಲ್ಲಿ ನಾವು ಗಮನಿಸಬೇಕಾದ ಮಾತು ಒಂದಿದೆ. ಕೈಬಿಟ್ಟ ಗಣಿಯಲ್ಲಿ ನೀರು ನಿಲ್ಲುತ್ತದೆಂಬುದು ಹೊಸ ಸಂಗತಿಯಲ್ಲ. 1957ರ ವಿನಿಯಮಗಳಲ್ಲಿಯೇ ಇದಕ್ಕೆ ಎಚ್ಚರಿಕೆ ಇತ್ತು. ನೀರಿಲ್ಲವೆಂದು ಖಚಿತವಾಗದ ಹಳೆಯ ಸುರಂಗಕ್ಕೆ 60 ಮೀಟರಿನಷ್ಟು ಹತ್ತಿರ ಬಂದ ಮೇಲೆ ಮುಖ್ಯ ತಪಾಸಣಾಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಮುಂದೆ ಕಡಿಯುವಂತಿಲ್ಲ. ಅನುಮತಿ ಸಿಕ್ಕಿದರೂ ಮುಂಚಿತವಾಗಿ ಉದ್ದನೆಯ ರಂಧ್ರ ಕೊರೆದು, ಆಚೆ ನೀರಿದೆಯೇ ಎಂದು ನೋಡಿಕೊಂಡೇ ಹೆಜ್ಜೆ ಇಡಬೇಕು. ಇದಕ್ಕೆಲ್ಲ ಆಧಾರ ನಕ್ಷೆ. ಪ್ರತಿ ಗಣಿಯೂ ತಾನು ಎಲ್ಲೆಲ್ಲಿ ಅಗೆದಿದೆ ಎಂಬ ನಿಖರವಾದ ನಕ್ಷೆ ಇಡಬೇಕು. ಗಣಿ ಮುಚ್ಚುವಾಗ ಆ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಇಂದು ತಪ್ಪು ಗೆರೆ ಎಳೆದರೆ ಮೂವತ್ತು ವರ್ಷದ ಮೇಲೆ ಯಾರೋ ಮುಳುಗುತ್ತಾರೆ. ನಮ್ಮೂರುಗಳಲ್ಲಿ ಹೊಲದ ಬದುವಿನ ಗಡಿಕಲ್ಲು ಸರಿಸಿದರೆ ಜಗಳವಾಗುತ್ತದೆ. ಗಣಿಯಲ್ಲಿ ಗೆರೆ ಸರಿದರೆ ಜೀವವೇ ಹೋಗುತ್ತದೆ.

ಚಾಸ್ನಾಲಾದ ಪಾಠವನ್ನು ಕಲಿತೆವೇ? 1995ರ ಸೆಪ್ಟೆಂಬರಿನಲ್ಲಿ ಝರಿಯಾ ಸೀಮೆಯ ಗಜ್ಲಿಟಾಂಡ್ ಗಣಿಗೆ ನೀರು ನುಗ್ಗಿ 64 ಜನ ಸತ್ತರು. 2001ರ ಫೆಬ್ರವರಿಯಲ್ಲಿ ಬಾಗಡಿಗಿ ಗಣಿಯಲ್ಲಿ 29 ಜನ. 2003ರ ಜೂನಿನಲ್ಲಿ ನಮ್ಮ ನೆರೆಯ ಸಿಂಗರೇಣಿಯ ಗೋದಾವರಿಖನಿಯಲ್ಲಿ 17 ಜನ. ಚಾಸ್ನಾಲಾ ಪ್ರಕರಣದಲ್ಲಿ ಇಬ್ಬರು ಮಾಜಿ ಅಧಿಕಾರಿಗಳಿಗೆ ಧನಬಾದಿನ ನ್ಯಾಯಾಲಯ ಒಂದು ವರ್ಷದ ಸಜೆ ವಿಧಿಸಿದ್ದು 2012ರಲ್ಲಿ. ಅಂದರೆ ದುರಂತ ನಡೆದು 36 ವರ್ಷ ಕಳೆದ ಮೇಲೆ. ತಂದೆಯನ್ನು ಕಳೆದುಕೊಂಡ ಕೂಸು ಅಷ್ಟು ಹೊತ್ತಿಗೆ ತಾನೇ ತಂದೆಯಾಗಿ ನಡುವಯಸ್ಸು ತಲುಪಿರುತ್ತದೆ.

ಹಾಗೆಂದು ಎಲ್ಲವೂ ಕತ್ತಲೆಯೇ ಅಲ್ಲ. 1989ರ ನವೆಂಬರ್ 13ರಂದು ರಾಣಿಗಂಜಿನ ಮಹಾವೀರ ಗಣಿಗೆ ನೀರು ನುಗ್ಗಿದಾಗ 6 ಜನ ಸತ್ತರು, ಆದರೆ ಇನ್ನೂ 65 ಜನ ಒಂದು ಎತ್ತರದ ಜಾಗದಲ್ಲಿ ಸಿಕ್ಕಿಕೊಂಡು ಬದುಕಿದ್ದರು. ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಅವರು ಮೇಲಿನಿಂದ ನೇರವಾಗಿ ಒಂದು ರಂಧ್ರ ಕೊರೆಸಿದರು. ಒಬ್ಬ ಮನುಷ್ಯ ನಿಲ್ಲುವಷ್ಟು ಮಾತ್ರ ಜಾಗವಿರುವ ಉಕ್ಕಿನ ಗೂಡೊಂದನ್ನು ಅಲ್ಲಿಯೇ ಮಾಡಿಸಿದರು. ಅದರಲ್ಲಿ ತಾವೇ ಮೊದಲು ಇಳಿದರು. ನವೆಂಬರ್ 16ರಂದು ಆ 65 ಜನರನ್ನು ಒಬ್ಬೊಬ್ಬರನ್ನಾಗಿ ಮೇಲಕ್ಕೆ ಕಳುಹಿಸಿ ಕೊನೆಗೆ ತಾವು ಬಂದರು. 1991ರಲ್ಲಿ ಅವರಿಗೆ ಸರ್ವೋತ್ತಮ ಜೀವನ ರಕ್ಷಾ ಪದಕ ಸಂದಿತು. ಅವರ ಧೈರ್ಯವನ್ನು ನಾವು ಮೆಚ್ಚಬೇಕು. ಅದರ ಜೊತೆಗೆ ಇನ್ನೊಂದನ್ನೂ ತಿಳಿಯಬೇಕು. ಒಬ್ಬ ಗಿಲ್ ಅವರಂಥವರು ಪ್ರತಿ ಗಣಿಯ ಬಾಯಲ್ಲಿಯೂ ಸಿಗುವುದಿಲ್ಲ. ಅದಕ್ಕಾಗಿಯೇ ತರಬೇತಿ ಪಡೆದ ರಕ್ಷಣಾ ತಂಡ, ಉಸಿರಾಟದ ಸಲಕರಣೆ, ಹತ್ತಿರದಲ್ಲಿ ರಕ್ಷಣಾ ಠಾಣೆ ಇವೆಲ್ಲ ಇರಬೇಕೆಂದು ಕಾನೂನು ಹೇಳುತ್ತದೆ. 1939ರಲ್ಲೇ ಇದಕ್ಕೆ ನಿಯಮ ಬಂತು, 1985ರಲ್ಲಿ ಅದನ್ನು ಎಲ್ಲ ಬಗೆಯ ಗಣಿಗಳಿಗೆ ಅನ್ವಯಿಸುವಂತೆ ಹೊಸದಾಗಿ ಬರೆದರು.

ನಾಲ್ಕನೆಯದು ಮಾಡು. ನೆಲದಡಿಯಲ್ಲಿ ಕಲ್ಲಿದ್ದಲು ಕಡಿಯುವಾಗ ಮೇಲಿನ ಬಂಡೆ ಬೀಳದಿರಲೆಂದು ನಡುನಡುವೆ ಕಲ್ಲಿದ್ದಲಿನ ಕಂಬಗಳನ್ನೇ ಉಳಿಸುತ್ತಾರೆ. ನಮ್ಮ ಹಳೆಯ ಕಲ್ಲು ಗುಡಿಗಳ ಕಂಬದ ಸಾಲಿನಂತೆ. ಆಸೆಗೆ ಬಿದ್ದು ಆ ಕಂಬಗಳನ್ನು ಕೆತ್ತಿ ಸಣ್ಣದು ಮಾಡಿದರೆ ಮಾಡು ಕುಸಿಯುತ್ತದೆ. ಕಡಿಯುವ ಮುಖದ ಬಳಿ ಬೋಲ್ಟು, ಊರುಗೋಲು ಕೊಟ್ಟು ಮಾಡನ್ನು ಹಿಡಿದು ನಿಲ್ಲಿಸಬೇಕು. ಪ್ರತಿ ಪಾಳಿಯಲ್ಲಿಯೂ ಮೈನಿಂಗ್ ಸರ್ದಾರ್ ಎಂಬ ಅನುಭವಿ ಮೊದಲು ಹೋಗಿ, ಬಂಡೆಯನ್ನು ತಟ್ಟಿ ಸದ್ದು ಕೇಳಿ, ಸರಿಯಿದೆ ಎಂದ ಮೇಲೆಯೇ ಉಳಿದವರು ಹೋಗಬೇಕು. ದೊಡ್ಡ ದುರಂತಗಳು ಪತ್ರಿಕೆಯಲ್ಲಿ ಬರುತ್ತವೆ. ಮಾಡಿನ ಒಂದು ಚಪ್ಪಡಿ ಬಿದ್ದು ಒಬ್ಬನೋ ಇಬ್ಬರೋ ಸತ್ತರೆ ಅದು ಸುದ್ದಿಯೂ ಆಗುವುದಿಲ್ಲ.

ಇಷ್ಟು ಹೊತ್ತು ಕೆಳಗೆ ಇಳಿದವರ ಮಾತಾಯಿತು. ಮೇಲೆ ಇರುವವರ ಪಾಡೇನು? ಗಣಿಯ ಮೇಲೆ ಊರಿದೆ, ಹೊಲವಿದೆ, ಕೆರೆಯಿದೆ, ರೈಲು ಹಳಿಯಿದೆ. ಝರಿಯಾದ ಕಥೆ ಕೇಳಿದರೆ ಇದು ಅರ್ಥವಾಗುತ್ತದೆ. ಅಲ್ಲಿ 1916ರಲ್ಲಿ ಭೌರಾ ಗಣಿಯೊಂದರಲ್ಲಿ ಮೊದಲ ಬೆಂಕಿ ಕಾಣಿಸಿತು. ಅರೆಬರೆ ಕಡಿದು ಬಿಟ್ಟ ಕಲ್ಲಿದ್ದಲಿಗೆ ಗಾಳಿ ತಾಗಿದರೆ ಅದು ತಾನಾಗಿಯೇ ಬಿಸಿಯೇರುತ್ತದೆ. ಹಸಿ ಹುಲ್ಲಿನ ಬಣವೆಯೊಳಗೆ ಕಾವು ಏರುವುದನ್ನು ರೈತರಾದ ನೀವು ಬಲ್ಲಿರಿ. ಹಾಗೆಯೇ ಇದು. ಕಾವು ಏರಿ ಏರಿ ಹೊತ್ತಿಕೊಳ್ಳುತ್ತದೆ. ನೂರು ವರ್ಷ ದಾಟಿದರೂ ಝರಿಯಾದ ನೆಲದಡಿಯ ಬೆಂಕಿ ಪೂರ್ತಿ ಆರಿಲ್ಲ. ನೆಲ ಬಿರಿಯುತ್ತದೆ, ಹೊಗೆ ಏಳುತ್ತದೆ, ಮನೆಗಳು ಕುಸಿಯುತ್ತವೆ. 2009ರಲ್ಲಿ ಬೆಂಕಿ ಆರಿಸುವುದಕ್ಕೂ ಜನರನ್ನು ಬೇರೆಡೆಗೆ ಒಯ್ಯುವುದಕ್ಕೂ ಏಳು ಸಾವಿರ ಕೋಟಿ ರೂಪಾಯಿಗೂ ಮೀರಿದ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಂದು ಖಾಸಗಿ ಒಡೆಯರು ಉಳಿಸಿದ ಪುಡಿಗಾಸಿಗೆ ಇಂದು ಇಡೀ ದೇಶ ತೆರುತ್ತಿರುವ ದಂಡ ಇದು.

ಇದನ್ನು ತಡೆಯುವ ಉಪಾಯವೂ ಅಂದೇ ಗೊತ್ತಿತ್ತು. ಕಲ್ಲಿದ್ದಲು ತೆಗೆದ ಪೊಳ್ಳಿಗೆ ನದಿಯ ಮರಳನ್ನು ನೀರಿನೊಂದಿಗೆ ಹಾಯಿಸಿ ತುಂಬುವುದು. ತುಂಬಿದರೆ ಗಾಳಿ ಹೋಗದು, ಬೆಂಕಿ ಹತ್ತದು, ಮೇಲಿನ ನೆಲವೂ ಕುಸಿಯದು. ಇದಕ್ಕಾಗಿ 1939ರಲ್ಲೇ ಒಂದು ಕಾಯಿದೆ ಬಂತು. ಆದರೂ ಬಹಳ ಮಂದಿ ಒಡೆಯರು ಸುಲಭದಲ್ಲಿ ಸಿಗುವ ಒಳ್ಳೆಯ ಕಲ್ಲಿದ್ದಲನ್ನು ಬಾಚಿಕೊಂಡು ಉಳಿದದ್ದನ್ನು ಹಾಗೆಯೇ ಬಿಟ್ಟು ಹೋದರು. 1971ರಿಂದ 1973ರವರೆಗೆ ಹಂತಹಂತವಾಗಿ ಕಲ್ಲಿದ್ದಲ ಗಣಿಗಳನ್ನು ರಾಷ್ಟ್ರೀಕರಣ ಮಾಡಿದ್ದಕ್ಕೆ ಈ ಬೇಕಾಬಿಟ್ಟಿ ಅಗೆತವೂ ಕಾರ್ಮಿಕರ ದುಃಸ್ಥಿತಿಯೂ ಮುಖ್ಯ ಕಾರಣಗಳು. ರಾಷ್ಟ್ರೀಕರಣದಿಂದ ಅಪಾಯ ಪೂರ್ತಿ ತಪ್ಪಲಿಲ್ಲವೆಂಬುದನ್ನು ಆಗಲೇ ಹೇಳಿದ ದಿನಾಂಕಗಳೇ ಸಾರುತ್ತವೆ. ಒಡೆಯ ಸೇಠ್ ಆಗಿರಲಿ, ಸರ್ಕಾರವೇ ಆಗಿರಲಿ, ಹೊಣೆ ಒಂದೇ.

ಇಂದು ಆ ಹೊಣೆಯ ಪಟ್ಟಿ ಉದ್ದವಾಗಿದೆ. ನದಿ, ಕೆರೆಗಳ ಅಡಿಯಲ್ಲಾಗಲಿ, ರೈಲು ಹಳಿ, ಕಟ್ಟಡಗಳ ಅಡಿಯಲ್ಲಾಗಲಿ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಗಣಿಯಿಂದ ಎತ್ತಿದ ನೀರನ್ನು ತಿಳಿಗೊಳಿಸದೆ ಹಳ್ಳಕ್ಕೆ ಬಿಡುವಂತಿಲ್ಲ. ಇದು 1974ರ ಜಲ ಕಾಯಿದೆಯಿಂದ ಬಂದ ನಿರ್ಬಂಧ. ದೊಡ್ಡ ಗಣಿ ತೆರೆಯುವ ಮುಂಚೆ ಪರಿಸರದ ಮೇಲೆ ಏನು ಪರಿಣಾಮವಾಗುತ್ತದೆಂದು ಅಧ್ಯಯನ ಮಾಡಿ, ಸುತ್ತಲಿನ ಜನರ ಅಹವಾಲು ಕೇಳಬೇಕು. 2009ರಿಂದ ಕಲ್ಲಿದ್ದಲ ಗಣಿ ತೆರೆಯುವಾಗಲೇ ಅದನ್ನು ಮುಚ್ಚುವುದು ಹೇಗೆಂಬ ಯೋಜನೆಯನ್ನೂ ಒಪ್ಪಿಸಿ, ಅದಕ್ಕೆಂದು ಪ್ರತಿ ವರ್ಷ ಬೇರೆ ಖಾತೆಯಲ್ಲಿ ಹಣ ಕಟ್ಟುತ್ತ ಹೋಗಬೇಕು. ಗಣಿಯ ಕಸುವು ಮುಗಿದ ದಿನ ಒಡೆಯ ಬೀಗ ಹಾಕಿ ಓಡಿಹೋದರೆ ಊರು ಅನಾಥವಾಗಬಾರದೆಂದು ಈ ಏರ್ಪಾಡು.

ಇಂಥ ಏರ್ಪಾಡು ಇಲ್ಲದಿದ್ದರೆ ಏನಾಗುತ್ತದೆಂದು ನೋಡಲು ನಾವು ಧನಬಾದಿಗೆ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮೂರು ಕಿಲೋಮೀಟರಿಗೂ ಮೀರಿ ಆಳಕ್ಕೆ ಇಳಿದಿದ್ದ ಗಣಿ ಅದು. ಚಿನ್ನ ತೆಗೆದು ಬಿಟ್ಟ ಸೈನೈಡ್ ಮಿಶ್ರಿತ ಮಣ್ಣಿನ ಗುಡ್ಡಗಳು ಊರ ನಡುವೆ ಉಳಿದುಕೊಂಡವು. ಗಾಳಿ ಬೀಸಿದರೆ ಬೂದುಬಣ್ಣದ ಹುಡಿ ಮನೆಗಳ ಮೇಲೆ ಹಾರುತ್ತದೆ. ಚಿನ್ನ ಹೋಯಿತು, ಗುಡ್ಡ ಉಳಿಯಿತು. ಇನ್ನು ಹೊಣೆಯೇ ಇಲ್ಲದ ಗಣಿ ಹೇಗಿರುತ್ತದೆಂಬುದಕ್ಕೆ ಮೇಘಾಲಯದ ಇಲಿಬಿಲದಂಥ ಗಣಿಗಳನ್ನು ನೋಡಬೇಕು. ಮನುಷ್ಯ ತೆವಳಿಕೊಂಡು ಹೋಗುವ ಆ ಬಿಲಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿತು. ಆದರೂ 2018ರ ಡಿಸೆಂಬರ್ 13ರಂದು ಕ್ಸಾನ್ ಎಂಬಲ್ಲಿ ಅಕ್ರಮ ಗಣಿಗೆ ನೀರು ನುಗ್ಗಿ 15 ಜನ ಸಿಕ್ಕಿಕೊಂಡರು. ಅಲ್ಲಿ ನಕ್ಷೆಯಿರಲಿಲ್ಲ. ಕೆಳಗೆ ಬಿಲ ಎತ್ತ ಹೋಗಿದೆಯೆಂದು ರಕ್ಷಣೆಗೆ ಹೋದವರಿಗೆ ತೋರಿಸಲು ಒಂದು ಕಾಗದವೂ ಇರಲಿಲ್ಲ.

ಈಗ ಕಾನೂನಿನ ರೂಪ ಬದಲಾಗಿದೆ. 1952ರ ಗಣಿ ಕಾಯಿದೆಯೂ ಸೇರಿ ಹಲವು ಕಾರ್ಮಿಕ ಕಾಯಿದೆಗಳನ್ನು ಒಂದುಗೂಡಿಸಿ 2020ರಲ್ಲಿ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಮಾಡಲಾಯಿತು. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಪುಸ್ತಕದ ಹೊದಿಕೆ ಹೊಸದು. ಆದರೆ ಮೀಥೇನ್ ಅನಿಲಕ್ಕೆ ಹೊಸ ಕಾನೂನು ಹಳೆ ಕಾನೂನು ಎಂಬ ಭೇದ ತಿಳಿಯದು. ಗಾಳಿ, ನೀರು, ಬಂಡೆ ಇವು ಅಂದಿನಂತೆಯೇ ಇಂದೂ ಇವೆ.

ಕೊನೆಯದಾಗಿ, ಆಗ ನೆನಪಿನಲ್ಲಿಡಿ ಎಂದಿದ್ದ ಮಾತಿಗೆ ಬರೋಣ. ಗಣಿ ಕಾಯಿದೆಯ ಸಾರಾಂಶವನ್ನು ಪ್ರತಿ ಗಣಿಯ ಬಳಿ ಇಂಗ್ಲಿಷಿನಲ್ಲಿ ಮಾತ್ರವಲ್ಲ, ಗೊತ್ತುಪಡಿಸಿದ ಬೇರೆ ಭಾಷೆಯಲ್ಲಿಯೂ ತೂಗುಹಾಕಬೇಕೆಂದು 1952ರಲ್ಲಿಯೇ ವಿಧಿಸಲಾಯಿತು. ಇದು ಚಿಕ್ಕ ಮಾತೆಂದು ತಿಳಿಯಬೇಡಿ. ಗಡಿಯಲ್ಲಿ ಬಾಳುವ ನಮಗೆ ಇದರ ಬೆಲೆ ಗೊತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ತಮಿಳು, ಮರಾಠಿ, ಇಲ್ಲವೇ ಮಲಯಾಳ. ಆಡಲು ಎರಡೂ ಬರುತ್ತವೆ, ಆದರೆ ಓದಲು ಎಲ್ಲರಿಗೂ ಎರಡೂ ಬರುವುದಿಲ್ಲ. ಪಡಿತರ ಚೀಟಿಯ ಒಕ್ಕಣೆ ಅರ್ಥವಾಗದಿದ್ದರೆ ಒಂದು ದಿನ ಅಲೆದಾಟ ಆಗಬಹುದು. ‘ಮುಂದೆ ಹೋಗಬೇಡಿ, ಮಾಡು ಸಡಿಲವಾಗಿದೆ’ ಎಂಬ ಫಲಕ ಅರ್ಥವಾಗದಿದ್ದರೆ ಮನೆಗೆ ಮರಳುವುದೇ ಇಲ್ಲ.

ನಮ್ಮ ಸೀಮೆಯಲ್ಲಿ ಕಲ್ಲಿದ್ದಲಿಲ್ಲ, ಆದರೆ ಕಲ್ಲಿದೆ. ಮಡಕಶಿರಾ, ಹೊಸೂರು ಕಡೆ ಗ್ರಾನೈಟು, ತಾಂಡೂರಿನಲ್ಲಿ ಹಾಸುಗಲ್ಲು, ಕಾಸರಗೋಡಿನಲ್ಲಿ ಮುರಕಲ್ಲು. ಎಷ್ಟೋ ಮನೆಗಳ ಗಂಡುಮಕ್ಕಳು ಕಲ್ಲು ಕ್ವಾರಿಗೆ ಹೋಗುತ್ತಾರೆ. 1952ರ ಕಾಯಿದೆ ಕ್ವಾರಿಯನ್ನೂ ಗಣಿಯೆಂದೇ ಎಣಿಸಿತು. ಕಟ್ಟಡದ ಕಲ್ಲು, ಮುರಕಲ್ಲುಗಳಂಥ ಸಣ್ಣ ಗುಂಡಿಗಳಿಗೆ ವಿನಾಯಿತಿ ಕೊಟ್ಟಿತು ನಿಜ. ಆದರೆ ಗುಂಡಿ 6 ಮೀಟರಿಗಿಂತ ಆಳವಾದರೆ, ಐವತ್ತಕ್ಕಿಂತ ಹೆಚ್ಚು ಜನ ಕೆಲಸಕ್ಕಿದ್ದರೆ, ಇಲ್ಲವೇ ಮದ್ದು ಸಿಡಿಸಿದರೆ ಆ ವಿನಾಯಿತಿ ಇರಲಿಲ್ಲ. ಮದ್ದು ಸಿಡಿಸುವಾಗ ಎಲ್ಲರನ್ನೂ ದೂರ ಕಳುಹಿಸುವುದು, ಅಂಚಿನ ಸಡಿಲ ಬಂಡೆ ಕೆಡವುವುದು, ಕೆಲಸ ಮುಗಿದ ಗುಂಡಿಗೆ ಬೇಲಿ ಹಾಕುವುದು, ಇವು ಮಾಲೀಕ ತೋರುವ ದಯೆಯಲ್ಲ, ಅವನ ಹೊಣೆ. ಮಳೆಗಾಲದಲ್ಲಿ ನೀರು ತುಂಬಿದ ಹಳೆಯ ಕ್ವಾರಿಯಲ್ಲಿ ಈಜಲು ಹೋಗಿ ಮಕ್ಕಳು ಮುಳುಗಿದ ಸುದ್ದಿ ನೀವೂ ಕೇಳಿದ್ದೀರಿ. ಆ ಗುಂಡಿಗೆ ಬೇಲಿ ಏಕಿರಲಿಲ್ಲ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಮಗನೋ ತಮ್ಮನೋ ಗಣಿಗೆ, ಕ್ವಾರಿಗೆ ಕೆಲಸಕ್ಕೆ ಹೊರಟರೆ, ದಿನಗೂಲಿ ಎಷ್ಟು ಎಂದು ಕೇಳುವುದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಲು ಹೇಳಿ. ಹೊರಗೆ ಬರಲು ಎರಡನೆಯ ದಾರಿ ಎಲ್ಲಿದೆ? ಇವತ್ತು ಒಳಗೆ ಹೋಗಿ ನೋಡಿಬಂದವರು ಯಾರು? ಆಪತ್ತು ಬಂದರೆ ಯಾವ ಭಾಷೆಯಲ್ಲಿ ಕೂಗುತ್ತಾರೆ? ಈ ಮೂರಕ್ಕೂ ಉತ್ತರ ಸಿಗದ ಕಡೆ ದೀಪ ಆರಿದ ಬಾವಿಯಿದೆ ಎಂದು ತಿಳಿಯಿರಿ. ಅಲ್ಲಿಗೆ ಇಳಿಯುವ ಮುಂಚೆ ಮತ್ತೊಮ್ಮೆ ಯೋಚಿಸಿ.